ಬೇಸ್‌ಬಾಲ್‌ನ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ಗೆ ಬೇಕಿರೋದು ಇನ್ನೊಬ್ಬ ಹೋಮ್ ರನ್ (ಬೇಲಿ ದಾಟಿಸೋ ಹೊಡೆತ) ಹೊಡೆಯೋನಲ್ಲ, ಪಿಚರ್‌ಗಳು (ಚೆಂಡು ಎಸೆಯೋರು). ಒಪ್ತೀರಾ?

ಕಿತ್ತಳೆಕಪ್ಪು
2025ರ ಸೀಸನ್ ಮುಗಿದದ್ದು 81-81ರಲ್ಲಿ, ಅಂದರೆ 81 ಗೆಲುವು, 81 ಸೋಲು. ಬಾಬ್ ಮೆಲ್ವಿನ್ ಅವರನ್ನ ಕಳಿಸಿದ್ರು, ಟೆನ್ನೆಸ್ಸಿ ವಿಶ್ವವಿದ್ಯಾಲಯದ ಕೋಚ್ ಟೋನಿ ವಿಟೆಲೊ ಮ್ಯಾನೇಜರ್ ಆಗಿ ಬಂದ್ರು. ವೃತ್ತಿಪರ ಬೇಸ್‌ಬಾಲ್‌ನಲ್ಲಿ ಕೋಚಿಂಗ್ ಅನುಭವವೇ ಇಲ್ಲದೆ ಕಾಲೇಜಿನಿಂದ ನೇರ ಮೇಜರ್ ಲೀಗ್ ಮ್ಯಾನೇಜರ್ ಆದವರು ಇವರೇ ಮೊದಲು. ಎಲ್ಲರೂ ಅದನ್ನೇ ಚರ್ಚೆ ಮಾಡ್ತಿದಾರೆ. ನನ್ನ ತಕರಾರು ಬೇರೆ.

ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ವರ್ಷಕ್ಕೆ 81 ಪಂದ್ಯ ಒರಾಕಲ್ ಪಾರ್ಕಿನಲ್ಲಿ ಆಡುತ್ತೆ. ಆ ಮೈದಾನದ ಲೆಕ್ಕ ನೋಡಿ. ಬ್ಯಾಟರ್‌ನಿಂದ ಬಲಗಡೆ ಫೌಲ್ ಕಂಬ (ಮೈದಾನದ ಗಡಿ ಗುರುತು) ಬರೀ 309 ಅಡಿ, ಆದರೆ ಅಲ್ಲಿ 24 ಅಡಿ ಎತ್ತರದ ಗೋಡೆ. ತಂಡದ ದಂತಕಥೆ ವಿಲ್ಲಿ ಮೇಸ್ ತೊಡುತ್ತಿದ್ದ ಅಂಗಿಯ ಸಂಖ್ಯೆ ಅದು. ಕಂಬದಿಂದ ಮಧ್ಯಕ್ಕೆ ಬರ್ತಾ ಬರ್ತಾ ಗೋಡೆ ಹಿಂದಕ್ಕೆ ಸರಿದು 415 ಅಡಿ ಆಗುತ್ತೆ. ಅದೇ ಟ್ರಿಪಲ್ಸ್ ಆಲಿ, ಟ್ರಿಪಲ್ (ಒಂದೇ ಹೊಡೆತಕ್ಕೆ ಮೂರು ಬೇಸ್) ಸಿಗೋ ಮೂಲೆ. ರಾತ್ರಿ ಕೊಲ್ಲಿಯ ತಣ್ಣನೆ ಗಾಳಿ ಬೀಸಿದರೆ ಬೇರೆ ಊರಲ್ಲಿ ಹತ್ತನೇ ಸಾಲಿಗೆ ಬೀಳೋ ಹೊಡೆತ ಇಲ್ಲಿ ಬೇಲಿ ಮುಂದೆ ಕ್ಯಾಚ್ ಆಗುತ್ತೆ.

ಮೂರು ವಿಶ್ವ ಸರಣಿ ಗೆದ್ದದ್ದು ಹೇಗೆ? 2010ರಲ್ಲಿ ಪಿಚಿಂಗ್ ಸರಾಸರಿ (ಇಆರ್‌ಎ: ಒಂಬತ್ತು ಇನ್ನಿಂಗ್ಸಿಗೆ ಬಿಟ್ಟ ರನ್, ಕಡಿಮೆ ಇದ್ದಷ್ಟೂ ಒಳ್ಳೇದು) 3.36, ಇಡೀ ಲೀಗಿನಲ್ಲೇ ಉತ್ತಮ. 2012ರಲ್ಲಿ ತಂಡದ ಹೋಮ್ ರನ್ 103, ಮೂವತ್ತೂ ತಂಡಗಳಲ್ಲಿ ಅತಿ ಕಡಿಮೆ. ಆ ವರ್ಷ ಡೆಟ್ರಾಯಿಟನ್ನ 4-0 ಬಡಿದರು. 2014ರಲ್ಲಿ ಪಿಚರ್ ಬಮ್‌ಗಾರ್ನರ್ ಒಬ್ಬನೇ ಸಾಕಾಯ್ತು. ಈಗ ತಂಡ ಕಟ್ಟೋ ಹೊಣೆಯಲ್ಲಿರೋ ಹಳೇ ಕ್ಯಾಚರ್ ಬಸ್ಟರ್ ಪೋಸಿ ಏನು ಮಾಡಿದ್ದಾರೆ? ದುಡ್ಡೆಲ್ಲ ಬ್ಯಾಟರ್‌ಗಳಿಗೇ: ಅಡಾಮೆಸ್‌ಗೆ 7 ವರ್ಷಕ್ಕೆ 182 ಮಿಲಿಯನ್ ಡಾಲರ್, ಚಾಪ್‌ಮನ್‌ಗೆ 6 ವರ್ಷಕ್ಕೆ 151. ಮೇಲಿಂದ ಡೆವರ್ಸ್‌ನ 313.5 ಮಿಲಿಯನ್ ಒಪ್ಪಂದದಲ್ಲಿ ಉಳಿದದ್ದನ್ನೂ ಹೊತ್ತರು. ಪಿಚಿಂಗಿನಲ್ಲಿ ಲೋಗನ್ ವೆಬ್ ಬಿಟ್ಟರೆ ದೀರ್ಘ ಒಪ್ಪಂದದ ಹೆಸರು ಹೇಳಿ ನೋಡೋಣ.

ಈ 2025-26ರ ಚಳಿಗಾಲ ದುಡ್ಡೆಲ್ಲ ಎರಡನೇ, ಮೂರನೇ ಸ್ಟಾರ್ಟರ್‌ಗಳಿಗೆ (ಪಂದ್ಯ ಶುರು ಮಾಡೋ ಪಿಚರ್‌ಗಳು) ಹಾಕಬೇಕು, ಓಡೋ ಔಟ್‌ಫೀಲ್ಡರ್ ಒಬ್ಬ ಬೇಕು. ಇದು ನನ್ನ ವಾದ. ಹೇಳಿ.

ಅಂಕಿಅಂಶ
2010, 12, 14 ಎಲ್ಲರ ಬಾಯಲ್ಲೂ ಬರುತ್ತೆ. 2021 ಯಾಕೆ ಬಿಟ್ರಿ? ಆ ವರ್ಷ 107 ಗೆಲುವು, ಫ್ರಾಂಚೈಸ್ ಇತಿಹಾಸದಲ್ಲೇ ಅತಿ ಹೆಚ್ಚು. ಹೋಮ್ ರನ್ 241, ಅದೂ ಫ್ರಾಂಚೈಸ್ ದಾಖಲೆ, ನ್ಯಾಷನಲ್ ಲೀಗಿನಲ್ಲಿ ಮೊದಲ ಸ್ಥಾನ. ಇದೇ ಮೈದಾನ, ಇದೇ ಗಾಳಿ. ನಿಮ್ಮ ಸಿದ್ಧಾಂತಕ್ಕೆ ಇದು ನೇರ ಹೊಡೆತ.

ಧಾರ್ವಾಡ_ಡಗ್‌ಔಟ್
ನೋಡ್ರಿ, 2021ರ ತಂಡ ಒಂದ ವರ್ಷದ್ದು. ಪೋಸಿ, ಕ್ರಾಫರ್ಡ್, ಬೆಲ್ಟ್ ಮೂರೂ ಮಂದಿ ವಯಸ್ಸಾದ ಮ್ಯಾಲೆ ಒಂದೇ ವರ್ಷ ಛಲೋ ಆಡಿದ್ರು. ಮತ್ತ ಆಗಿನ ಮ್ಯಾನೇಜರ್ ಗೇಬ್ ಕ್ಯಾಪ್ಲರ್ ಎಡಗೈ ಪಿಚರ್ ಬಂದ್ರ ಬಲಗೈ ಬ್ಯಾಟರ್, ಬಲಗೈ ಬಂದ್ರ ಎಡಗೈ, ಹಿಂಗ ಪ್ಲಟೂನ್ ಮಾಡಿ ರನ್ ಹಿಂಡಿದ. ಪಿಂಚ್ ಹಿಟರ್‌ಗಳೇ (ಇನ್ನೊಬ್ಬನ ಬದಲಿಗೆ ಬ್ಯಾಟ್ ಮಾಡೋರು) 18 ಹೋಮ್ ರನ್ ಹೊಡದ್ರು, ಅದು ಮೇಜರ್ ಲೀಗ್ ದಾಖಲೆ. ಮುಂದಿನ ವರ್ಷ ನ್ಯಾಷನಲ್ ಲೀಗಿಗೂ ಡೆಸಿಗ್ನೇಟೆಡ್ ಹಿಟರ್ (ಡಿಎಚ್, ಪಿಚರ್ ಬದಲಿಗೆ ಬ್ಯಾಟ್ ಮಾಡೋನು) ಬಂತು. ಪಿಚರ್ ಬ್ಯಾಟ್ ಮಾಡೋ ಜಾಗಾ ಹೋತು, ಪಿಂಚ್ ಹಿಟಿಂಗ್ ಅವಕಾಶನೂ ಹೋತು. ಪೋಸಿ ನಿವೃತ್ತಿ ಆದ. ಫಲ ಏನು? 2022ಕ್ಕ 81-81.

ಅಂಕಿಅಂಶ
ಪ್ಲಟೂನ್ ವಿಷಯ ಒಪ್ತೀನಿ. ಆದರೂ ಒಂದು ಮಾತು. ಡಿಎಚ್ ಬಂದಮೇಲೆ ಒಂಬತ್ತು ಜನರಲ್ಲಿ ಪ್ರತಿಯೊಬ್ಬನೂ ಬ್ಯಾಟ್ ಮಾಡಬಲ್ಲವನೇ ಆಗಬೇಕು. 2012ರ ತರಹ 103 ಹೋಮ್ ರನ್‌ನಲ್ಲಿ ಈಗ ಗೆಲ್ಲೋಕೆ ಆಗಲ್ಲ. ಆಗಿನ ಪಿಚರ್‌ಗಳ ವೇಗಕ್ಕೂ ಈಗಿನದಕ್ಕೂ ಅಜಗಜಾಂತರ. ಇವತ್ತು ಮೂರು ಸಿಂಗಲ್ ಒಂದರ ಹಿಂದೆ ಒಂದು ಜೋಡಿಸಿ ರನ್ ತೆಗೆಯೋದು ಬಹಳ ಕಷ್ಟ, ಯಾಕಂದ್ರೆ ಪ್ರತಿ ಬುಲ್‌ಪೆನ್‌ನಲ್ಲೂ (ಬದಲಿ ಪಿಚರ್‌ಗಳು ಕಾಯೋ ಜಾಗ) 98 ಮೈಲಿ ಎಸೆಯೋರು ನಾಲ್ಕು ಜನ ಕೂತಿರ್ತಾರೆ. ಒಂದೇ ಹೊಡೆತಕ್ಕೆ ರನ್ ಬರೋ ದಾರಿ ಬೇಕೇ ಬೇಕು.

ಫ್ರೀಮಾಂಟ್_ಪದ್ಮ
ಅಡಾಮೆಸ್ 2025ರಲ್ಲಿ 30 ಹೊಡೆದದ್ದು ಏನು ಸಣ್ಣ ವಿಷಯವಾ? 2004ರ ಬ್ಯಾರಿ ಬಾಂಡ್ಸ್ ಆದಮೇಲೆ ಜೈಂಟ್ಸ್ ಅಂಗಿಯಲ್ಲಿ ಒಂದೇ ಸೀಸನ್‌ನಲ್ಲಿ 30 ಮುಟ್ಟಿದವನು ಇವನೇ ಮೊದಲು. ಇಪ್ಪತ್ತೊಂದು ವರ್ಷ! ಬೆಲ್ಟ್ 2021ರಲ್ಲಿ 29ಕ್ಕೆ ನಿಂತ.

ಕಿತ್ತಳೆಕಪ್ಪು
ಪದ್ಮಕ್ಕ, ಆ ಇಪ್ಪತ್ತೊಂದು ವರ್ಷದ ಒಳಗೇ ಮೂರು ಟ್ರೋಫಿ ಬಂದಿವೆ. 30 ಹೊಡೆಯೋನು ಇಲ್ಲದೆ ಮೂರು, ಇದ್ದಾಗ 81-81. ನನ್ನ ಮಾತಿಗೆ ಇದಕ್ಕಿಂತ ಸಾಕ್ಷಿ ಬೇಕಾ?

ನೀಲಿಟೋಪಿ
ಲಾಸ್ ಏಂಜಲಿಸ್ ಕಡೆಯಿಂದ ಒಂದು ಮಾತು. ಡೆವರ್ಸ್ ಆ ವರ್ಷ ಒಟ್ಟು 35 ಹೊಡೆದ. ಅವನೂ 30 ದಾಟಿದವನೇ ಅಲ್ವಾ?

ಫ್ರೀಮಾಂಟ್_ಪದ್ಮ
ಇಲ್ಲ. ಅದರಲ್ಲಿ 15 ಬಾಸ್ಟನ್ ಅಂಗಿಯಲ್ಲಿ. ಜೂನ್ 15ಕ್ಕೆ ಟ್ರೇಡ್ ಆಯ್ತು, ಜೈಂಟ್ಸ್‌ಗೆ ಹೊಡೆದದ್ದು 20. ಕ್ಲಬ್ಬಿನ ದಾಖಲೆಗೆ ಆ 20 ಮಾತ್ರ ಸೇರುತ್ತೆ.

ಕುಡ್ಲ_ಕರ್ವ್‌ಬಾಲ್
ಮಾರಾಯ್ರೆ, ಎಲ್ಲರೂ "ಕೊಲ್ಲಿಯ ತೇವದ ಗಾಳಿ ಭಾರ, ಹಾಗಾಗಿ ಚೆಂಡು ಹೋಗುವುದಿಲ್ಲ" ಅಂತ ಹೇಳುವುದುಂಟು. ಅದು ಸರಿಯಲ್ಲ. ಒಂದೇ ಉಷ್ಣಾಂಶದಲ್ಲಿ ತೇವದ ಗಾಳಿ ಒಣ ಗಾಳಿಗಿಂತ ಹಗುರ, ಯಾಕೆಂದರೆ ನೀರಿನ ಅಣು ಸಾರಜನಕದ ಅಣುವಿಗಿಂತ ಹಗುರ. ಚೆಂಡನ್ನು ತಡೆಯುವುದು ಚಳಿ ಮತ್ತು ಗಾಳಿಯ ದಿಕ್ಕು. ಉಷ್ಣಾಂಶ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ 400 ಅಡಿ ಹೋಗಬೇಕಾದ ಚೆಂಡು ಸುಮಾರು 3 ಅಡಿ ಕಡಿಮೆ ಹೋಗುತ್ತದೆ. ಜುಲೈ ರಾತ್ರಿ ಅರಿಜೋನಾದ ಸೆಕೆಗೂ ಸ್ಯಾನ್ ಫ್ರಾನ್ಸಿಸ್ಕೊದ ಚಳಿಗೂ 40 ಡಿಗ್ರಿ ವ್ಯತ್ಯಾಸ ಇರಬಹುದು, ಅಲ್ಲಿಗೆ 12 ಅಡಿ ಹೋಯಿತು. ಅದರ ಮೇಲೆ ಎದುರು ಗಾಳಿ ಬೇರೆ.

ಚೆಂಡೇ ತೇವ ಹೀರಿಕೊಂಡರೆ ಬ್ಯಾಟಿನಿಂದ ಚಿಮ್ಮುವ ವೇಗ ಇಳಿಯುತ್ತದೆ, ಅದು ಬೇರೆ ವಿಷಯ. ಆದರೆ 2022ರಿಂದ 30 ಮೈದಾನಗಳಲ್ಲೂ ಹ್ಯೂಮಿಡಾರ್ ಉಂಟು, ಚೆಂಡು ನಿಯಂತ್ರಿತ ತೇವದಲ್ಲೇ ಇರುತ್ತದೆ.

ಅಂಕಿಅಂಶ
ಸರಿಯಾಗಿ ಹೇಳಿದ್ರಿ. ಇನ್ನೊಂದು ಸೇರಿಸ್ತೀನಿ. ಮೂಲ ಪೋಸ್ಟಿನಲ್ಲಿರೋ 415 ಅಡಿ 2020ರ ನಂತರದ ಅಳತೆ. ಮೊದಲು ಅದು 421. ಆ ವರ್ಷ ಬುಲ್‌ಪೆನ್‌ಗಳನ್ನ ಫೌಲ್ ಲೈನ್ ಪಕ್ಕದಿಂದ ತೆಗೆದು ಔಟ್‌ಫೀಲ್ಡ್ ಬೇಲಿ ಹಿಂದೆ ಹಾಕಿದ್ರು. ಅದಕ್ಕೆ ಜಾಗ ಬಿಡೋಕೆ ಸೆಂಟರ್ 399ರಿಂದ 391 ಆಯ್ತು, ಎಡ-ಮಧ್ಯ 404ರಿಂದ 399. ಅಂದರೆ 2010-14ರ ಮೈದಾನ ಮತ್ತು ಈಗಿನ ಮೈದಾನ ಒಂದೇ ಅಲ್ಲ. 2021ರ 241ರಲ್ಲಿ ಇದರ ಪಾಲೂ ಇದೆ. ಹಳೇ ಸೂತ್ರ ಹಾಗೇ ಎತ್ತಿ ಇಲ್ಲಿ ಕೂರಿಸೋಕೆ ಆಗಲ್ಲ ಅನ್ನೋದೂ ಇದಕ್ಕೇ.

ಕಿತ್ತಳೆಕಪ್ಪು
ಎಂಟು ಅಡಿ ಹತ್ತಿರ ತಂದ ಮಾತ್ರಕ್ಕೆ ಅದು ಸಿನ್ಸಿನಾಟಿ ಆಗಿಬಿಡಲ್ಲ. ಬಲಗಡೆ ಗೋಡೆ ಒಂದಿಂಚೂ ಅಲುಗಿಲ್ಲ. ಎಡಗೈ ಬ್ಯಾಟರ್ ಎಳೆದು ಹೊಡೆದರೆ ಕಂಬದ ಹತ್ತಿರ ಮಾತ್ರ ಲಾಭ, ಮಧ್ಯದ ಕಡೆ ಹೋದರೆ ನಷ್ಟ. ಬಾಂಡ್ಸ್ ಒಬ್ಬನಿಗೆ ಅದು ಲೆಕ್ಕಕ್ಕೆ ಇರಲಿಲ್ಲ.

ಹೊಸಬ_24
ನೀರಿಗೆ ಬಿದ್ದ ಹೋಮ್ ರನ್ ಎಲ್ಲಾ ಸ್ಪ್ಲಾಶ್ ಹಿಟ್ ಅಂತ ಲೆಕ್ಕ ಅಲ್ವಾ? ಬಾಂಡ್ಸ್‌ದು ಎಷ್ಟು?

ಬಸವನಗುಡಿ_ಬುಲ್‌ಪೆನ್
ಅಲ್ಲಪ್ಪ. ಮೂರು ಷರತ್ತು ಇದೆ. ಹೊಡೆದವನು ಜೈಂಟ್ಸ್ ಆಟಗಾರ ಆಗಿರಬೇಕು. ಚೆಂಡು ನೇರ ಬಲ ಗೋಡೆ ಆಚೆಗಿನ ಮೆಕೋವಿ ಕೋವ್ ನೀರಿಗೇ ಬೀಳಬೇಕು, ಗೋಡೆ ಹಿಂದಿನ ನಡೆದಾರಿಗೆ ಬಿದ್ದು ಪುಟಿದು ನೀರು ಸೇರಿದರೆ ಆಗಲ್ಲ. ಫೇರ್ ಬಾಲ್ ಆಗಿರಬೇಕು ಅನ್ನೋದಂತೂ ಗೊತ್ತೇ ಇದೆ. ಎದುರಾಳಿಗಳದ್ದನ್ನ ಬೇರೆ ಎಣಿಸ್ತಾರೆ. ಬಾಂಡ್ಸ್ 35, ಮೊದಲನೆಯದೂ ಅವನದ್ದೇ, 2000ದ ಮೇ 1. ಬಲಗೈ ಬ್ಯಾಟರ್ ಒಬ್ಬ ಅಲ್ಲಿಗೆ ಹೊಡೆಯೋಕೆ 2024 ಬೇಕಾಯ್ತು: ಸೆಪ್ಟೆಂಬರ್ 15, ಹೆಲಿಯೊಟ್ ರಾಮೋಸ್, ಪಾಡ್ರೆಸ್ ವಿರುದ್ಧ.

ಧಾರ್ವಾಡ_ಡಗ್‌ಔಟ್
ರಾಮೋಸ್ ಹೆಸರು ಬಂತಲ್ಲ, ಅವನ ಬಗ್ಗೆನೂ ಮಾತಾಡೋಣ. 2024ಕ್ಕ ಆಲ್-ಸ್ಟಾರ್ ಆದ. ಜೈಂಟ್ಸ್ ತಾವೇ ಬೆಳೆಸಿದ ಔಟ್‌ಫೀಲ್ಡರ್ ಆಲ್-ಸ್ಟಾರ್ ಆಗಿದ್ದು 1986ರ ಚಿಲಿ ಡೇವಿಸ್ ಆದ ಮ್ಯಾಲೆ ಅವನ ಮೊದಲು. ಇದು ನಾಚಿಕಿ ವಿಷಯರಿ. ಕ್ಲಬ್ಬಿಗೆ ಪಿಚರ್ ಬೆಳಸಾಕ ಬರ್ತೈತಿ, ಕ್ಯಾಚರ್ ಬೆಳಸಾಕ ಬರ್ತೈತಿ, ಇನ್‌ಫೀಲ್ಡರ್ ಬರ್ತೈತಿ, ಔಟ್‌ಫೀಲ್ಡರ್ ಮಾತ್ರ ಇಲ್ಲ. 2007ಕ್ಕ ಬಾಂಡ್ಸ್ ನಿಂತ ಮ್ಯಾಲೆ 2025ರ ತನಕ ಪ್ರತಿ ವರ್ಷ ಸೀಸನ್ನಿನ ಮೊದಲ ದಿನ ಲೆಫ್ಟ್ ಫೀಲ್ಡಿನಾಗ ಹೊಸಾ ಮುಖ.

ಕಿತ್ತಳೆಕಪ್ಪು
ಹೌದು, ಅದಕ್ಕೇ ನಾನು "ಓಡೋ ಔಟ್‌ಫೀಲ್ಡರ್" ಅಂದದ್ದು. 2025ರಲ್ಲಿ ರಾಮೋಸ್ ಲೆಫ್ಟ್‌ನಲ್ಲಿ, ಲೀ ಜಂಗ್-ಹೂ ಸೆಂಟರ್‌ನಲ್ಲಿ, ಇಬ್ಬರೂ ಔಟ್ಸ್ ಅಬೌವ್ ಆವರೇಜ್ (ಸರಾಸರಿ ಫೀಲ್ಡರ್‌ಗಿಂತ ಎಷ್ಟು ಔಟ್ ಹೆಚ್ಚು) ಲೆಕ್ಕದಲ್ಲಿ ಸೊನ್ನೆಗಿಂತ ಕೆಳಗೆ. ಬ್ಯಾಟ್ ಚೆನ್ನಾಗಿದೆ, ಚೆಂಡು ಹೊರಟ ಕ್ಷಣದ ಮೊದಲ ಹೆಜ್ಜೆ ತಡ. ಚಿಕ್ಕ ಮೈದಾನದಲ್ಲಿ ಮೊದಲ ಹೆಜ್ಜೆ ತಪ್ಪಿದರೂ ಬೇಲಿ ಕಾಪಾಡುತ್ತೆ, ಹೆಚ್ಚೆಂದರೆ ಡಬಲ್. ಇಲ್ಲಿ ತಪ್ಪಿದರೆ ಟ್ರಿಪಲ್.

ಕುಡ್ಲ_ಕರ್ವ್‌ಬಾಲ್
ಟ್ರಿಪಲ್ ಅಲ್ಲ, ಅದಕ್ಕಿಂತಲೂ ಹೆಚ್ಚು. 2025ರ ಜುಲೈ 8ರಂದು ಪ್ಯಾಟ್ರಿಕ್ ಬೇಲಿ ಫಿಲಡೆಲ್ಫಿಯಾ ವಿರುದ್ಧ ಒಂಬತ್ತನೇ ಇನ್ನಿಂಗ್ಸಿನಲ್ಲಿ ಹೊಡೆದದ್ದು ನೆನಪುಂಟಲ್ಲ? ಬಲ-ಮಧ್ಯದ ಇಟ್ಟಿಗೆ ಗೋಡೆಯ ಓರೆ ಭಾಗಕ್ಕೆ ತಾಗಿದ ಚೆಂಡು ಸೆಂಟರ್ ಕಡೆಗೆ ಉರುಳಿಕೊಂಡು ಹೋಯಿತು. ಫೀಲ್ಡರ್ ಹಿಡಿಯುವಷ್ಟರಲ್ಲಿ ಪ್ಯಾಟ್ರಿಕ್ ಇಡೀ ಸುತ್ತು ಓಡಿ ಮುಗಿಸಿಯಾಗಿತ್ತು. ಮೂರು ರನ್, ಪಂದ್ಯ 4-3. ಕ್ಯಾಚರ್ ಒಬ್ಬ ಇನ್‌ಸೈಡ್-ದ-ಪಾರ್ಕ್ ಹೋಮ್ ರನ್ನಿನಿಂದ ಪಂದ್ಯ ಮುಗಿಸಿದ್ದು 1926ರ ನಂತರ ಅದೇ ಮೊದಲು.

ಆ ಮೂಲೆಯಲ್ಲಿ ಆಡುವುದು ಹೇಗೆ ಅಂತ ಬಲ ಫೀಲ್ಡರ್‌ಗೆ ಕಲಿಸಲೇಬೇಕು. ಚೆಂಡು ಇಟ್ಟಿಗೆಗೆ ತಾಗಿದರೆ ಜೋರಾಗಿ ವಾಪಸ್ ಬರುತ್ತದೆ, ಕಮಾನುಗಳ ತಂತಿ ಬಲೆಗೆ ತಾಗಿದರೆ ಅಲ್ಲೇ ಕೆಳಗೆ ಬೀಳುತ್ತದೆ. ಹಾಗಾಗಿ ಬಲ ಫೀಲ್ಡರ್ ಗೋಡೆಗೆ ಅಂಟಿಕೊಂಡು ಓಡಬಾರದು. ಹತ್ತಾರು ಅಡಿ ಈಚೆ ನಿಂತು ಯಾವ ಭಾಗಕ್ಕೆ ತಾಗುತ್ತದೆ ಅಂತ ನೋಡಬೇಕು. ಸೆಂಟರ್ ಫೀಲ್ಡರ್ ತಕ್ಷಣ ಹಿಂದೆ ಬಂದು ಬ್ಯಾಕಪ್ ಕೊಡಬೇಕು. ಎರಡನೇ ಬೇಸ್‌ಮನ್ ರಿಲೇಗೆ ಔಟ್‌ಫೀಲ್ಡಿನ ಒಳಗೇ ಬರಬೇಕು, ಹುಲ್ಲಿನ ಅಂಚಿನಲ್ಲಿ ಕಾದರೆ ಎಸೆತ ಮುಟ್ಟುವುದಿಲ್ಲ. ಇದರಲ್ಲಿ ಒಂದು ತಪ್ಪಿದರೂ ಓಟಗಾರನಿಗೆ ಒಂದು ಬೇಸ್ ಹೆಚ್ಚು.

ನೀಲಿಟೋಪಿ
ಇಷ್ಟೆಲ್ಲ ಮೈದಾನದ ಕಥೆ ಬೇಡ. ಜೈಂಟ್ಸ್ ಹಿಂದೆ ಬಿದ್ದಿರೋದು ದೊಡ್ಡ ಬ್ಯಾಟರ್‌ಗಳು ಅಲ್ಲಿಗೆ ಬರೋಕೆ ಒಪ್ಪದೇ ಇರೋದ್ರಿಂದ. 2022ರ ಡಿಸೆಂಬರ್‌ನಲ್ಲಿ ಜಡ್ಜ್ 360 ಮಿಲಿಯನ್‌ಗೆ ಯಾಂಕೀಸ್‌ನಲ್ಲೇ ಉಳಿದ. ಅದೇ ತಿಂಗಳು ಕೊರೆಯಾ ಜೊತೆ 13 ವರ್ಷ, 350 ಮಿಲಿಯನ್ ಒಪ್ಪಂದ ಮೆಡಿಕಲ್ ತಪಾಸಣೆಯಲ್ಲಿ ಮುರಿದುಬಿತ್ತು. ಟ್ರೇಡ್ ಮಾಡಿದಾಗ ಮಾತ್ರ ದೊಡ್ಡ ಹೆಸರು ಬಂತು.

ಅಂಕಿಅಂಶ
ಮೆಡಿಕಲ್‌ನಲ್ಲಿ ಮುರಿದದ್ದು ಆಟಗಾರ ಒಪ್ಪದೆ ಅಲ್ಲ, ಕ್ಲಬ್ ಹಿಂಜರಿದು. ಆ ಎರಡನ್ನ ಒಂದೇ ಗಂಟಿಗೆ ಕಟ್ಟಬೇಡಿ.

ತೆರಿಗೆ ವಿಷಯ ಯಾರಾದ್ರೂ ಎತ್ತೋ ಮೊದಲು ಹೇಳಿಬಿಡ್ತೀನಿ. ಕ್ಯಾಲಿಫೋರ್ನಿಯಾ ರಾಜ್ಯದ ಗರಿಷ್ಠ ಆದಾಯ ತೆರಿಗೆ 13.3 ಶೇಕಡಾ, ಟೆಕ್ಸಸ್, ಫ್ಲಾರಿಡಾದಲ್ಲಿ ಸೊನ್ನೆ. ಆದರೆ ಆಟಗಾರನ ಸಂಬಳವನ್ನ ಅವನು ಯಾವ ರಾಜ್ಯದಲ್ಲಿ ಎಷ್ಟು ದಿನ ಕೆಲಸದಲ್ಲಿದ್ದ ಅಂತ ನೋಡಿ ಹಂಚ್ತಾರೆ. ಟೆಕ್ಸಸ್ ಆಟಗಾರ ಓಕ್‌ಲ್ಯಾಂಡ್, ಅನಹೈಮ್‌ಗೆ ಬಂದ ದಿನಗಳಿಗೆ ಇಲ್ಲಿಗೂ ಕಟ್ತಿದ್ದ. ಮತ್ತೆ ನಿಮ್ಮ ಡಾಡ್ಜರ್ಸ್ ಇರೋದೂ ಇದೇ ರಾಜ್ಯದಲ್ಲೇ. ಒಹ್ತಾನಿಯ 700 ಮಿಲಿಯನ್‌ನಲ್ಲಿ 680 ಮಿಲಿಯನ್ ಮುಂದಕ್ಕೆ ಹಾಕಿದಾರೆ. ತೆರಿಗೆ ಒಂದೇ ಕಾರಣ ಆಗಿದ್ರೆ ಅಲ್ಲಿಗೂ ಯಾರೂ ಬರಬಾರದಿತ್ತು.

ಧಾರ್ವಾಡ_ಡಗ್‌ಔಟ್
ಸರಿಯಾಗಿ ಹೇಳಿದ್ರಿ. ಬ್ಯಾಟರ್ ಬರೂದಿಲ್ಲ ಅಂದ್ರ ಪಿಚರ್ ಬರ್ತಾನಲ್ಲ? ಈ ಮೈದಾನಕ್ಕ ಬಂದ್ರ ಅವನ ಇಆರ್‌ಎ ಇಳೀತೈತಿ, ಮುಂದಿನ ಒಪ್ಪಂದಕ್ಕ ದುಡ್ಡು ಏರ್ತೈತಿ. ರಾಬಿ ರೇ 2025ಕ್ಕ ಇಲ್ಲೇ ಆಲ್-ಸ್ಟಾರ್ ಆದ. ಯಾವುದು ತಾನಾಗೇ ಬರ್ತೈತಿ ಅದನ್ನ ಹಿಡೀರಿ.

ಕಿತ್ತಳೆಕಪ್ಪು
ಇದೇ, ಇದೇ ನಾನು ಹೇಳ್ತಿರೋದು.

ಅಂಕಿಅಂಶ
ಇಆರ್‌ಎ ಇಳಿದದ್ದು ಪಿಚರ್ ಉತ್ತಮ ಅನ್ನೋದಕ್ಕೆ ಸಾಕ್ಷಿ ಅಲ್ಲ, ಮೈದಾನದ ಕೊಡುಗೆ. ಬೇರೆ ಕ್ಲಬ್‌ಗಳಿಗೂ ಅದು ಗೊತ್ತು, ಎಲ್ಲರೂ ಇಆರ್‌ಎ+ ನೋಡ್ತಾರೆ. ಅದರಲ್ಲಿ 100 ಅಂದ್ರೆ ಲೀಗಿನ ಸರಾಸರಿ, ಮೈದಾನದ ಪ್ರಭಾವ ಕಳೆದ ಮೇಲೆ. ಪಾರ್ಕ್ ಫ್ಯಾಕ್ಟರ್ ತೆಗೆಯೋದು ಹೀಗೆ: ಮನೆ ಪಂದ್ಯಗಳಲ್ಲಿ ಎರಡೂ ತಂಡ ಸೇರಿ ಪಂದ್ಯಕ್ಕೆ ಎಷ್ಟು ರನ್, ಹೊರಗಿನ ಪಂದ್ಯಗಳಲ್ಲಿ ಎಷ್ಟು ರನ್, ಮೊದಲನೆಯದನ್ನ ಎರಡನೆಯದರಿಂದ ಭಾಗಿಸಿ ನೂರರಿಂದ ಗುಣಿಸಬೇಕು. ಬರೀ ಒಂದು ವರ್ಷದ್ದು ತಗೊಂಡ್ರೆ ಹವಾಮಾನ, ಗಾಯ, ಅದೃಷ್ಟ ಎಲ್ಲ ಸೇರಿ ಸಂಖ್ಯೆ ಕುಣಿಯುತ್ತೆ, ಮೂರು ವರ್ಷದ ಸರಾಸರಿ ಬೇಕು. ಹೋಮ್ ರನ್‌ಗೆ ಬೇರೆ, ಟ್ರಿಪಲ್‌ಗೆ ಬೇರೆ, ಎಡಗೈಗೆ ಬೇರೆ, ಬಲಗೈಗೆ ಬೇರೆ ತೆಗೀಬೇಕು. ಒಂದೇ ಸಂಖ್ಯೆ ಹಿಡ್ಕೊಂಡು "ಪಿಚರ್ ಮೈದಾನ" ಅಂದ್ರೆ ಅರ್ಧ ವಿಷಯ ಮಾತ್ರ.

ಬಸವನಗುಡಿ_ಬುಲ್‌ಪೆನ್
ಲೋಗನ್ ವೆಬ್‌ಗೆ ಮೈದಾನದ ಹಂಗೇ ಬೇಡ ಗುರುಗಳೇ. ಅವನ ಸಿಂಕರ್ ಕೊನೇಲಿ ಕೆಳಗೆ ಇಳಿಯುತ್ತೆ, ಬ್ಯಾಟರ್ ಚೆಂಡಿನ ಮೇಲ್ಭಾಗಕ್ಕೆ ಹೊಡೆದು ನೆಲಕ್ಕೆ ಬಡೀತಾನೆ. ನೆಲದ ಚೆಂಡಿಗೆ ಬೇಲಿ ಎಷ್ಟು ದೂರ ಇದ್ರೇನು? 2025ರಲ್ಲಿ 207 ಇನ್ನಿಂಗ್ಸ್, 224 ಸ್ಟ್ರೈಕ್‌ಔಟ್, ಎರಡರಲ್ಲೂ ನ್ಯಾಷನಲ್ ಲೀಗಿಗೇ ಮೊದಲು. 2014ರ ನಾಲ್ಕನೇ ಸುತ್ತಿನ ಡ್ರಾಫ್ಟ್ (ಕ್ಲಬ್‌ಗಳು ಸರದಿಯಲ್ಲಿ ಹೊಸಬರನ್ನ ಆರಿಸೋದು) ಆಯ್ಕೆ, ಈಗ 5 ವರ್ಷ 90 ಮಿಲಿಯನ್. ಇಡೀ ಲೀಗಿನಲ್ಲೇ ಒಳ್ಳೇ ಬೆಲೆಯ ಒಪ್ಪಂದಗಳಲ್ಲಿ ಒಂದು.

ಈ ಮೈದಾನದ ಲಾಭ ನಿಜಕ್ಕೂ ಸಿಗೋದು ಫ್ಲೈ-ಬಾಲ್ ಪಿಚರ್‌ಗೆ. ಮೇಲೆ ಏರೋ ಫಾಸ್ಟ್‌ಬಾಲ್ ಹಾಕೋನಿಗೆ. ಮ್ಯಾಟ್ ಕೇನ್ ಅಂಥವನು, 2012ರ ಜೂನ್ 13ಕ್ಕೆ ಹ್ಯೂಸ್ಟನ್ ವಿರುದ್ಧ ಪರ್ಫೆಕ್ಟ್ ಗೇಮ್ (ಎದುರಾಳಿ ಒಬ್ಬನೂ ಬೇಸ್ ಮುಟ್ಟದ ಪಂದ್ಯ) ಇಲ್ಲೇ ಎಸೆದ. ಹಾಗಾಗಿ ಕಿತ್ತಳೆಕಪ್ಪು ಅವರ ವಾದಕ್ಕೆ ಒಂದು ತಿದ್ದುಪಡಿ: ಬರೀ ಪಿಚರ್ ಅಲ್ಲ, ಫ್ಲೈ-ಬಾಲ್ ಪಿಚರ್ ಕೊಳ್ಳಿ, ಜೊತೆಗೆ ಆ ಚೆಂಡುಗಳನ್ನ ಹಿಡಿಯೋ ಔಟ್‌ಫೀಲ್ಡ್ ಕಟ್ಟಿ. ಎರಡರಲ್ಲಿ ಒಂದು ಮಾತ್ರ ಮಾಡಿದ್ರೆ ದುಡ್ಡು ವ್ಯರ್ಥ.

ಕಿತ್ತಳೆಕಪ್ಪು
ಈ ತಿದ್ದುಪಡಿ ನನಗೆ ಪೂರ್ತಿ ಒಪ್ಪಿಗೆ.

ಫ್ರೀಮಾಂಟ್_ಪದ್ಮ
ಕ್ಯಾಚರ್ ವಿಷಯ ಯಾರೂ ಎತ್ತಲಿಲ್ಲ. ಪ್ಯಾಟ್ರಿಕ್ ಬೇಲಿಗೆ 2024, 2025 ಎರಡೂ ವರ್ಷ ಫೀಲ್ಡಿಂಗ್ ಪ್ರಶಸ್ತಿ ಗೋಲ್ಡ್ ಗ್ಲೋವ್. ಅವನ ದೊಡ್ಡ ಆಸ್ತಿ ಫ್ರೇಮಿಂಗ್: ಅಂಚಿನ ಚೆಂಡನ್ನ ಕೈಗವಸಿನಲ್ಲಿ ಮೆಲ್ಲಗೆ ಒಳಕ್ಕೆ ತಂದು ಅಂಪೈರ್‌ಗೆ ಸ್ಟ್ರೈಕ್ ಅಂತ ಕಾಣಿಸೋದು. 2026ರಿಂದ ಎಬಿಎಸ್ ಚಾಲೆಂಜ್ (ಅಂಪೈರ್‌ನ ಸ್ಟ್ರೈಕ್, ಬಾಲ್ ತೀರ್ಪನ್ನ ಯಂತ್ರದಿಂದ ಪರೀಕ್ಷಿಸೋದು). ಅವನ ಬೆಲೆ ಕುಸಿಯುತ್ತಾ?

ಅಂಕಿಅಂಶ
ಸ್ವಲ್ಪ ಇಳಿಯುತ್ತೆ, ಕುಸಿಯಲ್ಲ. ನಿಯಮ ಗಮನಿಸಿ. ತಂಡಕ್ಕೆ ಎರಡು ಚಾಲೆಂಜ್. ಗೆದ್ದರೆ ಉಳಿಯುತ್ತೆ, ಸೋತರೆ ಹೋಗುತ್ತೆ. ಕೇಳಬಹುದಾದವರು ಬ್ಯಾಟರ್, ಪಿಚರ್, ಕ್ಯಾಚರ್ ಮಾತ್ರ. ಡಗ್‌ಔಟ್‌ನಿಂದ ಸನ್ನೆ ಮಾಡೋ ಹಾಗಿಲ್ಲ. ಅಂಪೈರ್ ಕೂಗಿದ ತಕ್ಷಣ ಟೋಪಿ ಅಥವಾ ಹೆಲ್ಮೆಟ್ ತಟ್ಟಬೇಕು. ಹೆಚ್ಚುವರಿ ಇನ್ನಿಂಗ್ಸ್ ಶುರುವಾದಾಗ ಕೈಯಲ್ಲಿ ಒಂದೂ ಇಲ್ಲದಿದ್ರೆ ಒಂದು ಸಿಗುತ್ತೆ.

ಸ್ಟ್ರೈಕ್ ಜೋನ್ ಅಳತೆ: ಅಗಲ 17 ಇಂಚು, ಪ್ಲೇಟಿನಷ್ಟೇ. ಮೇಲಿನ ಗೆರೆ ಆಟಗಾರನ ಎತ್ತರದ 53.5 ಶೇಕಡಾ, ಕೆಳಗಿನದು 27 ಶೇಕಡಾ. ಬಗ್ಗಿ ನಿಂತ್ರೂ ಬದಲಾಗಲ್ಲ. ಪ್ಲೇಟಿನ ನಡುಮಧ್ಯದಲ್ಲಿ ಅಳೀತಾರೆ, ಮುಂದಿನ ಅಂಚಿನಲ್ಲಿ ಅಲ್ಲ. ಇದರಿಂದ ದೊಡ್ಡ ಕರ್ವ್ ಹಾಕೋರಿಗೆ ಸ್ವಲ್ಪ ನಷ್ಟ: ಮುಂದಿನ ಅಂಚಿನಲ್ಲಿ ಜೋನ್ ಸವರಿ ಕೆಳಗಿಳಿಯೋ ಚೆಂಡು ಇನ್ನು ಬಾಲ್.

ಪಂದ್ಯಕ್ಕೆ ಬ್ಯಾಟರ್‌ಗಳು ಬಿಟ್ಟುಬಿಡೋ ಚೆಂಡು ನೂರೈವತ್ತರ ಹತ್ತಿರ. ಚಾಲೆಂಜ್ ಆಗೋದು ಬೆರಳೆಣಿಕೆ. ಉಳಿದೆಲ್ಲ ಅಂಪೈರ್ ತೀರ್ಪೇ, ಅಲ್ಲೆಲ್ಲ ಪ್ಯಾಟ್ರಿಕ್‌ನ ಕೈ ಕೆಲಸ ಮಾಡುತ್ತೆ. ಜೊತೆಗೆ ಅಂಚು ಚೆನ್ನಾಗಿ ಗೊತ್ತಿರೋ ಕ್ಯಾಚರ್‌ಗೆ ಯಾವಾಗ ಚಾಲೆಂಜ್ ಮಾಡಬೇಕು ಅಂತಲೂ ಗೊತ್ತಿರುತ್ತೆ. 2025ರ ಸ್ಪ್ರಿಂಗ್ ಟ್ರೈನಿಂಗ್ ಪ್ರಯೋಗದಲ್ಲಿ ಪಿಚರ್‌ಗಳಿಗಿಂತ ಕ್ಯಾಚರ್‌ಗಳೇ ಹೆಚ್ಚು ಪಾಲು ಗೆದ್ದರು. ತಂಡಗಳು ಪಿಚರ್‌ಗಳಿಗೆ "ನೀನು ತಲೆ ಮುಟ್ಟಬೇಡ" ಅಂತ ಹೇಳಿಬಿಡೋದು ಒಳ್ಳೇದು.

ಧಾರ್ವಾಡ_ಡಗ್‌ಔಟ್
ಇದು 2021ಕ್ಕ ಇದ್ದಿದ್ರ! ಪ್ಲೇಆಫ್‌ನಾಗ ಡಾಡ್ಜರ್ಸ್ ಮ್ಯಾಲೆ ಐದನೇ ಪಂದ್ಯ, 2-1, ವಿಲ್ಮರ್ ಫ್ಲೋರೆಸ್ ಬ್ಯಾಟ್ ಅರ್ಧಕ್ಕ ತಡದಿದ್ದ, ಫಸ್ಟ್ ಬೇಸ್ ಅಂಪೈರ್ ಸ್ವಿಂಗ್ ಅಂದುಬಿಟ್ಟ. 107 ಗೆದ್ದ ಸೀಸನ್ ಅಲ್ಲಿಗೆ ಮುಗೀತು.

ನೀಲಿಟೋಪಿ
ಎಬಿಎಸ್ ಇದ್ದರೂ ಏನೂ ಆಗ್ತಿರಲಿಲ್ಲ. ಅದು ಚೆಂಡು ಜೋನ್ ಒಳಗಿತ್ತಾ ಅಂತ ಮಾತ್ರ ನೋಡುತ್ತೆ. ಚೆಕ್ ಸ್ವಿಂಗ್ ಅದರಲ್ಲಿ ಸೇರಿಲ್ಲ. ಮತ್ತೆ ಆಗ ಎಣಿಕೆ 0-2, ಇನ್ನೊಂದು ಸ್ಟ್ರೈಕ್‌ಗೆ ಔಟ್. ಶೆರ್ಜರ್ ಇನ್ನೊಂದು ಚೆಂಡು ಹಾಕ್ತಿದ್ದ ಅಷ್ಟೆ. ಪಂದ್ಯ ಗೆದ್ದದ್ದು ಅದೇ ಇನ್ನಿಂಗ್ಸಿನ ಬೆಲಿಂಜರ್ ಸಿಂಗಲ್‌ನಿಂದ.

ಧಾರ್ವಾಡ_ಡಗ್‌ಔಟ್
ಎಣಿಕಿ ಏನರ ಇರಲಿ. ಸೀಸನ್ನಿನ ಕೊನೇ ಚೆಂಡು ಬ್ಯಾಟರ್ ಕೈಯಾಗ ಇರಬೇಕು, ಅಂಪೈರ್ ಕೈಯಾಗ ಅಲ್ಲ. ಇದರಾಗ ರಾಜಿ ಇಲ್ಲ.

ಕುಡ್ಲ_ಕರ್ವ್‌ಬಾಲ್
ಅನ್ಯಾಯದ ಪಟ್ಟಿ ಮಾಡುವುದಾದರೆ 1993 ಬಿಡಬೇಡಿ. 103 ಗೆದ್ದೂ ಪ್ಲೇಆಫ್ ಇಲ್ಲ, ಅಟ್ಲಾಂಟಾ 104. ಆಗ ವೈಲ್ಡ್ ಕಾರ್ಡ್ (ವಿಭಾಗ ಗೆಲ್ಲದಿದ್ದರೂ ಸಿಗುವ ಪ್ಲೇಆಫ್ ಜಾಗ) ಇರಲಿಲ್ಲ. ಕೊನೆಯ ದಿನ ಡಾಡ್ಜರ್ಸ್ ಎದುರು 12-1ರಲ್ಲಿ ಸೋತರು. ಅದೇ 2014ರಲ್ಲಿ ಬರೀ 88 ಗೆದ್ದು ವೈಲ್ಡ್ ಕಾರ್ಡ್ ಮೂಲಕ ಚಾಂಪಿಯನ್.

ಹೊಸಬ_24
2014ರ ವಿಶ್ವ ಸರಣಿಯ ಏಳನೇ ಪಂದ್ಯದಲ್ಲಿ ಬಮ್‌ಗಾರ್ನರ್ ಎಸೆದದ್ದಷ್ಟೇ ಎಲ್ಲರೂ ಹೇಳ್ತಾರೆ. ನಿಜಕ್ಕೂ ಪಂದ್ಯ ತಿರುಗಿದ್ದು ಎಲ್ಲಿ?

ಬಸವನಗುಡಿ_ಬುಲ್‌ಪೆನ್
ಬಮ್‌ಗಾರ್ನರ್ ದೊಡ್ಡದೇ. ಎರಡೇ ದಿನ ವಿಶ್ರಾಂತಿ, ಐದು ಇನ್ನಿಂಗ್ಸ್, 68 ಚೆಂಡು, ಸೊನ್ನೆ ರನ್. ಆದರೆ ಅದಕ್ಕೂ ಮೊದಲು ಮೂರನೇ ಇನ್ನಿಂಗ್ಸಿನಲ್ಲಿ ಜೋ ಪ್ಯಾನಿಕ್ ಮಾಡಿದ ಡಬಲ್ ಪ್ಲೇ (ಒಂದೇ ಚೆಂಡಿಗೆ ಇಬ್ಬರು ಔಟ್) ನೋಡು. ಸ್ಕೋರು 2-2, ಮೊದಲ ಬೇಸಿನಲ್ಲಿ ಎದುರಾಳಿ ಲೊರೆಂಜೊ ಕೇನ್. ಹಾಸ್ಮರ್ ನಡುವೆ ಹೊಡೆದ ಚೆಂಡಿಗೆ ಪ್ಯಾನಿಕ್ ಹಾರಿ ಬಿದ್ದು, ಕೈಗೆ ತಗೊಳ್ಳದೇ ಗ್ಲೋವ್‌ನಿಂದಲೇ ಕ್ರಾಫರ್ಡ್‌ಗೆ ಚಿಮ್ಮಿಸಿದ, ಅಲ್ಲಿಂದ ಬೆಲ್ಟ್‌ಗೆ. ಹಾಸ್ಮರ್ ಮೊದಲ ಬೇಸಿಗೆ ತಲೆ ಮುಂದೆ ಮಾಡಿ ಜಾರಿದ. ಓಡಿ ದಾಟಿದ್ರೆ ಬೇಗ ಮುಟ್ತಿದ್ದ. ಅಂಪೈರ್ ಸೇಫ್ ಅಂದ್ರು, ನಮ್ಮ ಮ್ಯಾನೇಜರ್ ಬೋಚಿ ಚಾಲೆಂಜ್ ಮಾಡಿದ್ರು, ಔಟ್ ಆಯ್ತು. ಮುಂದಿನ ಇನ್ನಿಂಗ್ಸಿನಲ್ಲಿ ಒಂದು ರನ್ ಬಂತು, 3-2, ಅದೇ ಕೊನೇ ಸ್ಕೋರು. ಹಿಡಿದವನು, ಚಿಮ್ಮಿಸಿಕೊಂಡವನು, ಕೊನೆಗೆ ತಗೊಂಡವನು ಮೂರೂ ಜನ ಕ್ಲಬ್ಬೇ ಡ್ರಾಫ್ಟ್ ಮಾಡಿ ಬೆಳೆಸಿದ ಹುಡುಗರು.

ಕಿತ್ತಳೆಕಪ್ಪು
ಅದೇ ಕೊನೇ ಮಾತು ಮುಖ್ಯ. ಲಿನ್ಸಕಮ್ 2006, ಬಮ್‌ಗಾರ್ನರ್ 2007, ಪೋಸಿ 2008, ಸಾಲಾಗಿ ಮೂರು ವರ್ಷದ ಮೊದಲ ಸುತ್ತಿನ ಆಯ್ಕೆ. ಡೆವರ್ಸ್‌ಗಾಗಿ ಕೈಲ್ ಹ್ಯಾರಿಸನ್ ಅನ್ನೋ ಎಡಗೈ ಪಿಚರ್‌ನ ಕೊಟ್ಟರು. 2024ರ ಮೊದಲ ಸುತ್ತಿನ ಆಯ್ಕೆ ಜೇಮ್ಸ್ ಟಿಬ್ಸ್‌ನನ್ನೂ ಕೊಟ್ಟರು. ಮತ್ತೆ ಬ್ರೈಸ್ ಎಲ್ಡ್ರಿಡ್ಜ್ ಇದಾನೆ, 6 ಅಡಿ 7 ಇಂಚು, ಎಡಗೈ ಬ್ಯಾಟ್, 2023ರ ಮೊದಲ ಸುತ್ತು, ಸೆಪ್ಟೆಂಬರ್‌ನಲ್ಲಿ 20ನೇ ವಯಸ್ಸಿಗೇ ಬಂದ. ಅವನೂ ಫಸ್ಟ್ ಬೇಸ್, ಡೆವರ್ಸ್‌ನೂ ಈಗ ಫಸ್ಟ್ ಬೇಸ್. ಇಬ್ಬರಲ್ಲಿ ಒಬ್ಬ ಫಸ್ಟ್, ಇನ್ನೊಬ್ಬ ಡಿಎಚ್. ಡೆವರ್ಸ್ ಒಪ್ಪಂದ ಮುಗಿಯೋ 2033ರವರೆಗೆ ಡಿಎಚ್ ಜಾಗ ಮುಚ್ಚಿತು. ಬೇರೆ ಯಾರಿಗೂ ಅಲ್ಲಿ ಒಂದು ದಿನದ ವಿಶ್ರಾಂತಿ ಕೊಡೋಕೆ ಆಗಲ್ಲ.

ಫ್ರೀಮಾಂಟ್_ಪದ್ಮ
ಡೆವರ್ಸ್ ಹೊಡೆಯೋ ಶೈಲಿ ನೋಡಿ ಮಾತಾಡಿ. ಅವನ ಬಲ ಎಲ್ಲ ದಿಕ್ಕಿಗೂ ಇದೆ, ಸೆಂಟರ್ ಮತ್ತು ಎಡಗಡೆಗೂ. ಅಲ್ಲಿ 24 ಅಡಿ ಗೋಡೆ ಇಲ್ಲ. ಈ ಮೈದಾನಕ್ಕೆ ಸರಿಹೊಂದೋ ಎಡಗೈ ಬ್ಯಾಟರ್ ಅಂದ್ರೆ ಇಂಥವನೇ. ನೀವು ಕೇಳಿದ್ದೂ ಮೈದಾನಕ್ಕೆ ತಕ್ಕ ತಂಡವನ್ನೇ ಅಲ್ವಾ? ಜೊತೆಗೆ 2023ರಿಂದ ಶಿಫ್ಟ್ ನಿಷೇಧ: ಎರಡನೇ ಬೇಸಿನ ಎರಡೂ ಬದಿಗೆ ಇಬ್ಬಿಬ್ಬರು ಇನ್‌ಫೀಲ್ಡರ್ ಇರಲೇಬೇಕು, ಕಾಲು ಇನ್‌ಫೀಲ್ಡ್ ಮಣ್ಣಿನ ಅಂಚು ದಾಟಿ ಹಿಂದೆ ಹೋಗಬಾರದು. ಎಡಗೈನವರು ಬಲಕ್ಕೆ ಹೊಡೆದ ನೆಲದ ಚೆಂಡು ಮತ್ತೆ ಸಿಂಗಲ್ ಆಗ್ತಿದೆ.

ಕಿತ್ತಳೆಕಪ್ಪು
ಬ್ಯಾಟ್ ಬಗ್ಗೆ ನನ್ನ ತಕರಾರಿಲ್ಲ. 2033ರಲ್ಲಿ ಅವನಿಗೆ 37 ತುಂಬುತ್ತೆ, ಅದರ ಬಗ್ಗೆ ಇದೆ.

ಹೊಸಬ_24
ಬೆಂಗಳೂರಿಂದ ನೋಡೋದು ಹೇಗೆ? ಸಮಯ ಹೊಂದುತ್ತಾ?

ಬಸವನಗುಡಿ_ಬುಲ್‌ಪೆನ್
ಚೆನ್ನಾಗಿ ಹೊಂದುತ್ತೆ. ಸೀಸನ್ ಪೂರ್ತಿ ಅಲ್ಲಿ ಬೇಸಿಗೆ ಗಡಿಯಾರ, ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಸಂಜೆ 6:45ರ ಪಂದ್ಯ ಇಲ್ಲಿ ಮಾರನೇ ದಿನ ಬೆಳಿಗ್ಗೆ 7:15. ಕಾಫಿ ಕುಡೀತಾ ಮೂರು ಇನ್ನಿಂಗ್ಸ್ ಆಗುತ್ತೆ. ಮಧ್ಯಾಹ್ನ 1:05ರದ್ದು ಮಾತ್ರ ರಾತ್ರಿ 1:35. ಪಿಚ್ ಕ್ಲಾಕ್ ಬಂದಮೇಲೆ, ಬೇಸ್ ಖಾಲಿ ಇದ್ರೆ 15 ಸೆಕೆಂಡ್, ಓಟಗಾರ ಇದ್ರೆ 18, ಪಂದ್ಯ ಹೆಚ್ಚಾಗಿ ಎರಡೂಮುಕ್ಕಾಲು ಗಂಟೆ ಒಳಗೆ ಮುಗಿಯುತ್ತೆ. ಎಂಎಲ್‌ಬಿ ಟಿವಿ ಚಂದಾ ತಗೊಂಡ್ರೆ ಸಾಕು.

ಫ್ರೀಮಾಂಟ್_ಪದ್ಮ
ಬೇ ಏರಿಯಾದಲ್ಲಿ ಇರೋರಿಗೆ ಅದೇ ಚಂದಾದಲ್ಲಿ ಜೈಂಟ್ಸ್ ಪಂದ್ಯ ಬ್ಲ್ಯಾಕೌಟ್ (ತೋರಿಸಲ್ಲ), ಸ್ಥಳೀಯ ಚಾನೆಲ್ ಬೇರೆ ತಗೋಬೇಕು. ರೇಡಿಯೊ ಆಡಿಯೊಗೆ ಬ್ಲ್ಯಾಕೌಟ್ ಇಲ್ಲ. ಜಾನ್ ಮಿಲ್ಲರ್ ಕಾಮೆಂಟರಿ ಕೇಳೋದೇ ಒಂದು ಸುಖ.

ಮೈದಾನಕ್ಕೆ ಹೋಗೋರಿಗೆ: ಸ್ಯಾನ್ ಹೋಸೆ ಕಡೆಯಿಂದ ಕ್ಯಾಲ್‌ಟ್ರೇನ್ ಹತ್ತಿ ಕೊನೇ ಸ್ಟೇಷನ್‌ನಲ್ಲಿ ಇಳಿದರೆ ಹತ್ತು ನಿಮಿಷ ನಡಿಗೆ. ಜುಲೈ ಆದರೂ ರಾತ್ರಿ ಪಂದ್ಯಕ್ಕೆ ದಪ್ಪ ಜಾಕೆಟ್ ಬೇಕು, ಏಳನೇ ಇನ್ನಿಂಗ್ಸ್ ಹೊತ್ತಿಗೆ ನಡುಗಿಸುತ್ತೆ. ಟಿಕೆಟ್ ಇಲ್ಲದಿದ್ರೂ ಬಲ ಫೀಲ್ಡ್ ಗೋಡೆಯ ಕಮಾನುಗಳ ಹಿಂದೆ, ನೀರಿನ ಪಕ್ಕದ ನಡೆದಾರಿಯಲ್ಲಿ ನಿಂತು ಬಲೆ ಮೂಲಕ ಪುಕ್ಕಟೆ ನೋಡಬಹುದು. ಜನ ಹೆಚ್ಚಿದ್ರೆ ಸರದಿ ಮೇಲೆ ಬಿಡ್ತಾರೆ. 2026ರ ಸೀಸನ್ ಶುರು ಇಲ್ಲೇ, ಮಾರ್ಚ್ 25, ಯಾಂಕೀಸ್ ವಿರುದ್ಧ.

ಹೊಸಬ_24
ತುಂಬಾ ಉಪಕಾರ ಆಯ್ತು. ಸ್ಕೋರ್ ಬರೆಯೋದು ಕಲೀಬೇಕು. ಆ ಪ್ಯಾನಿಕ್ ಡಬಲ್ ಪ್ಲೇ ಹೇಗೆ ಬರೀತಾರೆ?

ಕುಡ್ಲ_ಕರ್ವ್‌ಬಾಲ್
4-6-3. ಪ್ರತಿ ಜಾಗಕ್ಕೆ ಒಂದು ಸಂಖ್ಯೆ: ಪಿಚರ್ 1, ಕ್ಯಾಚರ್ 2, ಫಸ್ಟ್ ಬೇಸ್ 3, ಸೆಕೆಂಡ್ 4, ಥರ್ಡ್ 5, ಶಾರ್ಟ್‌ಸ್ಟಾಪ್ 6, ಲೆಫ್ಟ್ 7, ಸೆಂಟರ್ 8, ರೈಟ್ 9. ಚೆಂಡು ಹೋದ ದಾರಿಯನ್ನೇ ಬರೆಯುವುದು. ಸ್ವಿಂಗ್ ಮಾಡಿ ಔಟಾದರೆ ನೇರ ಕೆ, ನೋಡುತ್ತಾ ನಿಂತು ಔಟಾದರೆ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದ ಕೆ. ಪೆನ್ಸಿಲ್‌ನಲ್ಲೇ ಬರೆಯಿರಿ, ರಿವ್ಯೂ ಆದರೆ ಅಳಿಸಬೇಕಾಗುತ್ತದೆ.

ಅಂಕಿಅಂಶ
ಕಿತ್ತಳೆಕಪ್ಪು ಅವರೇ, ಮತ್ತೆ ನಿಮ್ಮ ಪ್ರಶ್ನೆಗೆ. ಫ್ಲೈ-ಬಾಲ್ ಸ್ಟಾರ್ಟರ್ ಇಬ್ಬರು, ಸೆಂಟರ್ ಫೀಲ್ಡರ್ ಒಬ್ಬ, ಲೀ ಜಂಗ್-ಹೂ ಮೂಲೆಗೆ. ಇಷ್ಟಾದರೆ ನನ್ನ ವಿರೋಧ ಇಲ್ಲ. ಆದರೆ ಬುಲ್‌ಪೆನ್ ಮರೆಯಬೇಡಿ. ಜುಲೈ ಕೊನೆಗೆ ಟೈಲರ್ ರಾಜರ್ಸ್‌ನ ಮೆಟ್ಸ್‌ಗೆ, ಕಮಿಲೊ ಡೊವಾಲ್‌ನ ಯಾಂಕೀಸ್‌ಗೆ ಕೊಟ್ಟಿದ್ದಾರೆ. ಏಳರಿಂದ ಒಂಬತ್ತನೇ ಇನ್ನಿಂಗ್ಸ್ ಎಸೆಯೋರು ಯಾರು ಅನ್ನೋದಕ್ಕೆ ಇವತ್ತಿಗೆ ಉತ್ತರ ಇಲ್ಲ.

ಕಿತ್ತಳೆಕಪ್ಪು
ಅದಕ್ಕೆ ಬೇರೆ ಚರ್ಚೆಯೇ ಶುರು ಮಾಡಬೇಕು. ಸಂಜೆ ಹಾಕ್ತೀನಿ, ಎಲ್ಲರೂ ಬನ್ನಿ. ನೀಲಿಟೋಪಿ ಅವರೂ ಬನ್ನಿ.